ಥೈರಾಯ್ಡ್ ಮತ್ತು ತೂಕ: ಮಾತ್ರೆಯ ಕೆಲಸ ಮಾತ್ರೆಗೆ, ನಡಿಗೆಯ ಕೆಲಸ ನಡಿಗೆಗೆ

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಪೂರ್ಣಪಾಠ)



ನಮ್ಮ ಕನ್ನಡ ವಿಭಾಗಕ್ಕೆ ಬರುವ ಪತ್ರಗಳಲ್ಲಿ ಹಾಡಿನ ಕೋರಿಕೆಗಳೇ ಹೆಚ್ಚು. ಆದರೆ ಆರೋಗ್ಯದ ಕಾರ್ಯಕ್ರಮ ಪ್ರಸಾರವಾದ ವಾರ ಬೇರೆ ಥರದ ಪತ್ರಗಳು ಬರುತ್ತವೆ. ಅವುಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ಸಾಲು ಇದು: "ಅಕ್ಕಾ, ನನಗೆ ಥೈರಾಯ್ಡ್ ಇದೆ. ಅದಕ್ಕೇ ಏನು ಮಾಡಿದರೂ ತೂಕ ಇಳಿಯುವುದಿಲ್ಲ." ಡೊಂಬಿವಲಿಯ ಸೋದರಿಯೊಬ್ಬರು ಬರೆದ ಪತ್ರವಂತೂ ನನ್ನನ್ನು ಬಹಳ ಹೊತ್ತು ಕಾಡಿತು. ಆರು ತಿಂಗಳು ಮಾತ್ರೆ ನುಂಗಿದರೂ ಅವರ ತೂಕ ಎರಡು ಕಿಲೋ ಕೂಡ ಇಳಿಯಲಿಲ್ಲವಂತೆ. ಈ ಮಾತ್ರೆಯಿಂದ ಪ್ರಯೋಜನವಿಲ್ಲವೆಂದು ಅದನ್ನು ನಿಲ್ಲಿಸಿ, ಜಾಹೀರಾತಿನಲ್ಲಿ ಕಂಡ ತೂಕ ಇಳಿಸುವ ಪುಡಿಯನ್ನು ಸಾವಿರಾರು ರೂಪಾಯಿ ಕೊಟ್ಟು ತರಿಸಿಕೊಂಡಿದ್ದಾರೆ. ಬೇಡದ ಪುಡಿ ಮನೆಗೆ ಬಂತು, ಬೇಕಾದ ಮಾತ್ರೆ ಮನೆಯಿಂದ ಹೋಯಿತು. ಇವತ್ತಿನ ಮಾತಿಗೆ ಈ ವಿಷಯ ಆರಿಸಿಕೊಳ್ಳಲು ಅದೇ ಕಾರಣ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ವೈದ್ಯೆಯಲ್ಲ. ಕನ್ನಡದಲ್ಲಿ ಬಿ.ಎ. ಮಾಡಿ ಮೈಕಿನ ಮುಂದೆ ಕುಳಿತವಳು. ಜೊತೆಗೆ, ನಿಮ್ಮಲ್ಲಿ ಅನೇಕರಂತೆ ದಿನವೂ ಥೈರಾಯ್ಡ್ ಮಾತ್ರೆ ನುಂಗುವವಳು. ಓದಿ, ವೈದ್ಯರನ್ನು ಕೇಳಿ ತಿಳಿದುಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಮಾತ್ರೆಯ ಪ್ರಮಾಣ ಎಷ್ಟು ಎಂಬುದನ್ನು ನಿಮ್ಮ ವೈದ್ಯರೇ ಹೇಳಬೇಕು.

ಮೊದಲಿಗೆ ಈ ಗ್ರಂಥಿಯ ಪರಿಚಯ ಮಾಡಿಕೊಳ್ಳೋಣ. ಕುತ್ತಿಗೆಯ ಮುಂಭಾಗದಲ್ಲಿ, ಗಂಟಲಗಂಟಿನ ಸ್ವಲ್ಪ ಕೆಳಗೆ, ಚಿಟ್ಟೆ ರೆಕ್ಕೆ ಬಿಚ್ಚಿ ಕುಳಿತಂತೆ ಇರುವುದೇ ಥೈರಾಯ್ಡ್. ತೂಕ ಹೆಚ್ಚೆಂದರೆ 20 ಗ್ರಾಂ ಆಸುಪಾಸು. ನಾವು ತಿನ್ನುವ ಆಹಾರದಲ್ಲಿರುವ ಅಯೋಡಿನ್ ಹಿಡಿದುಕೊಂಡು ಅದು ಥೈರಾಕ್ಸಿನ್ ಎಂಬ ಹಾರ್ಮೋನನ್ನು ತಯಾರಿಸುತ್ತದೆ. ರಕ್ತಪರೀಕ್ಷೆಯ ಚೀಟಿಯಲ್ಲಿ ಟಿ-4 ಎಂದು ಬರೆದಿರುವುದು ಇದನ್ನೇ. ದೇಹವೆಂಬ ಒಲೆಯ ಉರಿಯನ್ನು ಹದವಾಗಿ ಇಡುವುದು ಈ ಹಾರ್ಮೋನಿನ ಕೆಲಸ. ಎದೆಬಡಿತ, ಮೈಯ ಶಾಖ, ಕರುಳಿನ ಚಲನೆ, ಚರ್ಮ, ಕೂದಲು, ಮನಸ್ಸಿನ ಉತ್ಸಾಹ, ಎಲ್ಲದರ ಮೇಲೂ ಇದರ ಕೈ ಇದೆ. ಉರಿ ಸಣ್ಣದಾದರೆ ಅಡುಗೆ ನಿಧಾನವಾದಂತೆ, ಈ ಹಾರ್ಮೋನು ಕಡಿಮೆಯಾದರೆ ಮೈಯೆಲ್ಲ ನಿಧಾನವಾಗುತ್ತದೆ.

ಪರೀಕ್ಷೆಯ ಚೀಟಿಯಲ್ಲಿ ಇನ್ನೊಂದು ಹೆಸರು ಟಿ.ಎಸ್.ಎಚ್. ಇದು ಥೈರಾಯ್ಡಿನಿಂದ ಬರುವುದಲ್ಲ, ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಬರುವುದು. ಪಿಟ್ಯುಟರಿಯನ್ನು ಮೇಸ್ತ್ರಿ ಎಂದುಕೊಳ್ಳಿ, ಥೈರಾಯ್ಡನ್ನು ಕೆಲಸಗಾರ ಎಂದುಕೊಳ್ಳಿ. ಕೆಲಸ ಸರಿಯಾಗಿ ನಡೆಯುತ್ತಿದ್ದರೆ ಮೇಸ್ತ್ರಿ ಮೆಲ್ಲಗೆ ಮಾತಾಡುತ್ತಾನೆ. ಕೆಲಸ ಕುಂಟಿದರೆ ಕೂಗು ಜೋರಾಗುತ್ತದೆ. ಆ ಕೂಗೇ ಟಿ.ಎಸ್.ಎಚ್. ಅದಕ್ಕೇ ಥೈರಾಯ್ಡ್ ಹಾರ್ಮೋನು ಕಡಿಮೆಯಾದಾಗ ಟಿ.ಎಸ್.ಎಚ್. ಏರುತ್ತದೆ. "ನನ್ನ ಥೈರಾಯ್ಡ್ ಜಾಸ್ತಿಯಾಗಿದೆ" ಎಂದು ಅನೇಕರು ಹೇಳುವುದು ಈ ಸಂಖ್ಯೆ ನೋಡಿಯೇ. ನಿಜದಲ್ಲಿ ಅವರಿಗೆ ಕಡಿಮೆಯಾಗಿರುತ್ತದೆ. ಸಾಮಾನ್ಯವಾಗಿ ಟಿ.ಎಸ್.ಎಚ್. 0.4ರಿಂದ 4 ಅಥವಾ 4.5ರ ನಡುವೆ ಇದ್ದರೆ ಸರಿ ಎನ್ನುತ್ತಾರೆ. ನಿಮ್ಮ ಲ್ಯಾಬಿನವರು ಚೀಟಿಯ ಪಕ್ಕದಲ್ಲೇ ತಮ್ಮ ಮಿತಿಯನ್ನು ಮುದ್ರಿಸಿರುತ್ತಾರೆ, ಅದನ್ನು ನೋಡಿಕೊಳ್ಳಿ.

ಈ ತೊಂದರೆ ಎಷ್ಟು ಜನರಿಗಿದೆ? ಮುಂಬಯಿ, ದೆಹಲಿ, ಚೆನ್ನೈ, ಹೈದರಾಬಾದ್, ಬೆಂಗಳೂರು ಸೇರಿದಂತೆ ನಮ್ಮ ದೇಶದ ಎಂಟು ನಗರಗಳಲ್ಲಿ ವಯಸ್ಕರ ರಕ್ತ ಪರೀಕ್ಷಿಸಿ ಮಾಡಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಅದರಲ್ಲಿ ನೂರಕ್ಕೆ ಸುಮಾರು 11 ಮಂದಿಗೆ ಥೈರಾಯ್ಡ್ ಕೊರತೆ ಕಂಡುಬಂತು. ಹೆಂಗಸರಲ್ಲಿ ಹೆಚ್ಚು, ಗಂಡಸರಲ್ಲಿ ಕಡಿಮೆ. ಆದರೆ ಗಂಡಸರಿಗೆ ಬರುವುದೇ ಇಲ್ಲ ಎಂದು ಯಾರೂ ನಿಶ್ಚಿಂತರಾಗಬೇಡಿ.

ಒಂದು ಕಾಲಕ್ಕೆ ಇದಕ್ಕೆ ಮುಖ್ಯ ಕಾರಣ ಅಯೋಡಿನ್ ಕೊರತೆ. ಈಗಿನ ಹಿಮಾಚಲ ಪ್ರದೇಶಕ್ಕೆ ಸೇರಿದ ಕಾಂಗ್ರಾ ಕಣಿವೆಯಲ್ಲಿ 1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಒಂದು ಅಧ್ಯಯನ ಶುರುಮಾಡಿದರು. ಉಪ್ಪಿಗೆ ಅಯೋಡಿನ್ ಸೇರಿಸಿ ಕೊಟ್ಟರೆ ಗಳಗಂಡ ಕಡಿಮೆಯಾಗುತ್ತದೆ ಎಂಬುದು ಅಲ್ಲಿ ಸಿದ್ಧವಾಯಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಇಂದು ಅಂಗಡಿಯಲ್ಲಿ ಸಿಗುವ ಅಡುಗೆ ಉಪ್ಪಿನ ಪೊಟ್ಟಣಗಳಲ್ಲಿ ಅಯೋಡಿನ್ ಇರುತ್ತದೆ. ಹಾಗಾಗಿ ನಗರಗಳಲ್ಲಿ ಈಗ ಕಾಣುವ ಥೈರಾಯ್ಡ್ ಕೊರತೆಗೆ ಬಹುಪಾಲು ಕಾರಣ ಬೇರೆ. ನಮ್ಮ ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪಾಗಿ ಥೈರಾಯ್ಡಿನ ಮೇಲೆ ದಾಳಿ ಮಾಡಿ, ನಿಧಾನವಾಗಿ ಅದನ್ನು ಸೊರಗಿಸುತ್ತದೆ. 1912ರಲ್ಲಿ ಇದನ್ನು ಮೊದಲು ವಿವರಿಸಿದ ಜಪಾನಿನ ವೈದ್ಯ ಹಾಶಿಮೋಟೋ ಅವರ ಹೆಸರೇ ಈ ರೋಗಕ್ಕೆ ಬಂದಿದೆ. ಇದು ಬಂದದ್ದು ನೀವು ಏನೋ ತಿಂದದ್ದರಿಂದಲೋ, ಸೋಮಾರಿತನದಿಂದಲೋ ಅಲ್ಲ.

ಲಕ್ಷಣಗಳು ಮೆಲ್ಲಮೆಲ್ಲನೆ ಬರುತ್ತವೆ. ಎಷ್ಟು ನಿದ್ದೆ ಮಾಡಿದರೂ ಹೋಗದ ಆಯಾಸ, ಉಳಿದವರು ಫ್ಯಾನ್ ಹಾಕಿದಾಗ ನಮಗೆ ಚಳಿ, ಮಲಬದ್ಧತೆ, ಒಣಗಿದ ಚರ್ಮ, ಬಾಚಣಿಗೆ ತುಂಬ ಕೂದಲು, ಬೆಳಿಗ್ಗೆ ಊದಿಕೊಂಡ ಮುಖ, ಮಾಂಸಖಂಡಗಳ ನೋವು, ಮುಟ್ಟಿನ ಏರುಪೇರು, ಮರೆವು, ಬೇಸರ. ಬೆಳಿಗ್ಗೆ 7.40ರ ಫಾಸ್ಟ್ ಲೋಕಲ್ ಹಿಡಿದು ರಾತ್ರಿ ಎಂಟಕ್ಕೆ ಮನೆ ಸೇರುವವರಿಗೆ ಆಯಾಸವೆಂದರೆ ದಿನನಿತ್ಯದ ಮಾತು. ಆದ್ದರಿಂದ ಇದೊಂದು ರೋಗದ ಲಕ್ಷಣವೆಂದು ಹೊಳೆಯುವುದೇ ಇಲ್ಲ. ಇವುಗಳಲ್ಲಿ ಮೂರು ನಾಲ್ಕು ಒಟ್ಟಿಗೆ ಕಂಡರೆ ವೈದ್ಯರ ಬಳಿ ಹೋಗಿ ಟಿ.ಎಸ್.ಎಚ್. ಪರೀಕ್ಷೆ ಮಾಡಿಸಿಕೊಳ್ಳಿ. ದುಬಾರಿ ಪರೀಕ್ಷೆಯೇನೂ ಅಲ್ಲ.

ಈಗ ತೂಕದ ಮಾತಿಗೆ ಬರೋಣ. ಥೈರಾಯ್ಡ್ ಕೊರತೆಯಿಂದ ತೂಕ ಏರುವುದು ನಿಜ. ಆದರೆ ಎಷ್ಟು? ಸಾಮಾನ್ಯವಾಗಿ ಎರಡರಿಂದ ನಾಲ್ಕೂವರೆ ಕಿಲೋ. ಅದರಲ್ಲೂ ಹೆಚ್ಚಿನ ಪಾಲು ಕೊಬ್ಬಲ್ಲ, ಮೈಯಲ್ಲಿ ನಿಂತ ಉಪ್ಪು ಮತ್ತು ನೀರು. ಕೊರತೆ ಬಹಳ ತೀವ್ರವಾಗಿದ್ದರೆ ಇನ್ನೂ ಸ್ವಲ್ಪ ಹೆಚ್ಚಿರಬಹುದು. ಮಾತ್ರೆ ಸರಿಯಾಗಿ ತೆಗೆದುಕೊಂಡರೆ ಇಳಿಯುವುದೂ ಮುಖ್ಯವಾಗಿ ಇಷ್ಟೇ. ಹತ್ತು ವರ್ಷದಲ್ಲಿ 15 ಕಿಲೋ ಏರಿದ್ದರೆ, ಅಷ್ಟನ್ನೂ ಥೈರಾಯ್ಡಿನ ಲೆಕ್ಕಕ್ಕೆ ಬರೆಯಲಾಗದು. ಟಿ.ಎಸ್.ಎಚ್. ಮಿತಿಗಿಂತ ಸ್ವಲ್ಪವೇ ಮೇಲಿದ್ದು ಟಿ-4 ಸರಿಯಾಗಿಯೇ ಇದ್ದರಂತೂ, ತೂಕಕ್ಕೂ ಅದಕ್ಕೂ ನಂಟು ಇನ್ನೂ ಕಡಿಮೆ.

ಇದನ್ನು ಕೇಳಿ ಕೆಲವರಿಗೆ ಬೇಸರವಾಗಬಹುದು. "ಹಾಗಾದರೆ ತಪ್ಪೆಲ್ಲ ನನ್ನದೇ?" ಎಂದು ಅನಿಸಬಹುದು. ಹಾಗಲ್ಲ. ನಡೆಯುವುದು ಹೀಗೆ: ಚಿಕಿತ್ಸೆ ಇಲ್ಲದ ವರ್ಷಗಳಲ್ಲಿ ಆಯಾಸದಿಂದ ಓಡಾಟ ಕಡಿಮೆಯಾಗುತ್ತದೆ. ಓಡಾಟ ಕಡಿಮೆಯಾದಾಗ ಸ್ನಾಯುಗಳು ಸೊರಗುತ್ತವೆ. ಸ್ನಾಯು ಸೊರಗಿದಷ್ಟೂ ಮೈ ಸುಡುವ ಕ್ಯಾಲೊರಿ ಕಡಿಮೆ. ತೂಕ ಏರುತ್ತದೆ, ಮೊಣಕಾಲು ನೋಯುತ್ತದೆ, ಮತ್ತೆ ಓಡಾಟ ಕಡಿಮೆ. ಮಾತ್ರೆ ಈ ಸರಪಳಿಯ ಮೊದಲ ಕೊಂಡಿಯನ್ನು ಬಿಡಿಸುತ್ತದೆ. ಉಳಿದ ಕೊಂಡಿಗಳನ್ನು ನಾವೇ ಬಿಡಿಸಬೇಕು. ಆದರೆ ಇದರಲ್ಲೇ ಒಂದು ಒಳ್ಳೆಯ ಸುದ್ದಿಯೂ ಇದೆ. ಟಿ.ಎಸ್.ಎಚ್. ಒಮ್ಮೆ ಹದಕ್ಕೆ ಬಂದರೆ, ಥೈರಾಯ್ಡ್ ಇಲ್ಲದ ನೆರೆಮನೆಯವರಿಗೆ ತೂಕ ಇಳಿಸಲು ಏನು ದಾರಿಯೋ ನಮಗೂ ಅದೇ ದಾರಿ. ನಮ್ಮ ಹಾದಿಯಲ್ಲಿ ಯಾರೂ ಬೀಗ ಹಾಕಿಲ್ಲ.

ಹಾಗಾದರೆ ಮೊದಲ ಹೆಜ್ಜೆ ಮಾತ್ರೆಯದು. ಇದರ ಹಿಂದೆ ದೊಡ್ಡ ಕಥೆಯೇ ಇದೆ. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಎಂಬ ವೈದ್ಯರು ತೀವ್ರ ಥೈರಾಯ್ಡ್ ಕೊರತೆಯಿದ್ದ ಮಹಿಳೆಯೊಬ್ಬರಿಗೆ ಕುರಿಯ ಥೈರಾಯ್ಡಿನ ಸಾರವನ್ನು ಚುಚ್ಚುಮದ್ದಾಗಿ ಕೊಟ್ಟರು. ಅಲ್ಲಿಯವರೆಗೆ ಕೈಬಿಟ್ಟಂತಿದ್ದ ಆ ಜೀವ ಮುಂದೆ 28 ವರ್ಷ ಬದುಕಿತು. 1914ರ ಕ್ರಿಸ್‌ಮಸ್ ದಿನ ಅಮೆರಿಕದ ಎಡ್ವರ್ಡ್ ಕೆಂಡಾಲ್ ಥೈರಾಕ್ಸಿನನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದರು. 1927ರಲ್ಲಿ ಅದನ್ನು ಪ್ರಯೋಗಾಲಯದಲ್ಲೇ ತಯಾರಿಸಲಾಯಿತು. ಇಂದು ನಾವು ನುಂಗುವ ಲೆವೊಥೈರಾಕ್ಸಿನ್ ಮಾತ್ರೆಯಲ್ಲಿರುವುದು ನಮ್ಮ ದೇಹವೇ ತಯಾರಿಸಬೇಕಾಗಿದ್ದ ಅದೇ ಹಾರ್ಮೋನು. "ಒಮ್ಮೆ ಶುರುಮಾಡಿದರೆ ಅಭ್ಯಾಸವಾಗಿಬಿಡುತ್ತದೆ" ಎಂದು ಹೆದರಿಸುವವರಿದ್ದಾರೆ. ಇದು ಚಟವಲ್ಲ, ಕೊರತೆಯ ಭರ್ತಿ. ಕನ್ನಡಕ ಹಾಕಿಕೊಳ್ಳುವುದನ್ನು ಯಾರೂ ಚಟ ಎನ್ನುವುದಿಲ್ಲವಲ್ಲ!

ಈ ಮಾತ್ರೆ ಸ್ವಲ್ಪ ಮಡಿಯದು. ಬರಿಹೊಟ್ಟೆಯಲ್ಲಿ, ಬರೀ ನೀರಿನ ಜೊತೆ ತೆಗೆದುಕೊಳ್ಳಬೇಕು. ಅದಾದ ಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆ ಏನೂ ಬೇಡ. ಕಾಫಿ, ಚಹಾ, ಹಾಲು ಕೂಡ ಬೇಡ. ಫಿಲ್ಟರ್ ಕಾಫಿಯ ಪರಿಮಳ ಬಂದ ಮೇಲೆ ಒಂದು ಗಂಟೆ ಕಾಯುವುದು ಮೈಸೂರು ಕಡೆಯವರಿಗೆ ಶಿಕ್ಷೆಯೇ ಸರಿ, ಆದರೆ ಕಾಫಿ ಈ ಮಾತ್ರೆ ರಕ್ತಕ್ಕೆ ಸೇರುವುದನ್ನು ತಡೆಯುತ್ತದೆ. ಕ್ಯಾಲ್ಸಿಯಂ ಮಾತ್ರೆ, ಕಬ್ಬಿಣದ ಮಾತ್ರೆ, ಆಮ್ಲಪಿತ್ತಕ್ಕೆ ತೆಗೆದುಕೊಳ್ಳುವ ಆಂಟಾಸಿಡ್ ಇವೆಲ್ಲ ನಾಲ್ಕು ಗಂಟೆ ದೂರವಿರಲಿ. ರಾಗಿಯ ವಿಷಯವನ್ನೂ ಇಲ್ಲೇ ಹೇಳುತ್ತೇನೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ರಾಗಿ ಬಹಳ ಒಳ್ಳೆಯದು, ಆದರೆ ಮಾತ್ರೆಯ ಬೆನ್ನಿಗೇ ರಾಗಿ ಅಂಬಲಿ ಕುಡಿಯುವ ಬದಲು ಅದನ್ನು ಮಧ್ಯಾಹ್ನಕ್ಕೋ ಸಂಜೆಗೋ ಇಟ್ಟುಕೊಳ್ಳಿ.

ಬೆಳಗಿನ ಪ್ರಸಾರದ ಪಾಳಿ ಇದ್ದ ದಿನ ನಾನು ಮನೆ ಬಿಡುವುದು ನಾಲ್ಕೂ ಮುಕ್ಕಾಲಿಗೆ. ಎದ್ದ ಕೂಡಲೇ ಹಾಸಿಗೆಯ ಪಕ್ಕದಲ್ಲೇ ಇಟ್ಟಿರುವ ನೀರಿನ ಜೊತೆ ಮಾತ್ರೆ ನುಂಗುತ್ತೇನೆ. ಸ್ನಾನ ಮಾಡಿ ಸ್ಟುಡಿಯೋ ಸೇರುವಷ್ಟರಲ್ಲಿ ಒಂದು ಗಂಟೆ ಕಳೆದಿರುತ್ತದೆ, ಚಹಾ ಅಲ್ಲಿ. ನಿಮ್ಮ ದಿನಚರಿಗೆ ಬೆಳಿಗ್ಗೆ ಹೊಂದುವುದೇ ಇಲ್ಲವಾದರೆ, ರಾತ್ರಿ ಊಟವಾಗಿ ಮೂರು ಗಂಟೆ ಕಳೆದ ಮೇಲೆ ಮಲಗುವ ಮುನ್ನ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ. ಯಾವ ಹೊತ್ತಾದರೂ ಸರಿ, ದಿನವೂ ಅದೇ ಹೊತ್ತು ಇರಲಿ. ಒಂದೇ ಕಂಪನಿಯ ಮಾತ್ರೆ ಇರಲಿ. ಪ್ರಮಾಣವೆಲ್ಲ ಮೈಕ್ರೋಗ್ರಾಮಿನಲ್ಲಿ, ಅಂದರೆ ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲಿನ ಲೆಕ್ಕದಲ್ಲಿ ಇರುವುದರಿಂದ ಸಣ್ಣ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ. ಮಳೆಗಾಲದಲ್ಲಿ ಮುಂಬಯಿಯ ಮನೆಗಳಲ್ಲಿ ಹಪ್ಪಳವೇ ಮೆತ್ತಗಾಗುತ್ತದೆ. ಮಾತ್ರೆಯ ಬಾಟಲಿಯ ಮುಚ್ಚಳ ಬಿಗಿಯಾಗಿ ಹಾಕಿ, ಒಲೆಯ ಮೇಲಿನ ಶೆಲ್ಫಿನಲ್ಲಿ ಇಡದೆ ತಂಪಾದ, ಒಣ ಜಾಗದಲ್ಲಿಡಿ.

ಇನ್ನು ತಾಳ್ಮೆಯ ಮಾತು. ಈ ಹಾರ್ಮೋನು ಮೈಯಲ್ಲಿ ಬಹಳ ದಿನ ನಿಲ್ಲುತ್ತದೆ. ಅರ್ಧದಷ್ಟು ಕರಗಲು ಸುಮಾರು ಏಳು ದಿನ ಬೇಕು. ಅದಕ್ಕೇ ಪ್ರಮಾಣ ಬದಲಿಸಿದ ಆರರಿಂದ ಎಂಟು ವಾರಗಳ ನಂತರವೇ ಮರುಪರೀಕ್ಷೆ. ಹದಿನೈದೇ ದಿನಕ್ಕೆ ಪರೀಕ್ಷೆ ಮಾಡಿಸಿ ಗಾಬರಿಯಾಗುವುದರಲ್ಲಿ ಅರ್ಥವಿಲ್ಲ. ಮಾತ್ರೆ ನಿಲ್ಲಿಸಿದವರು ಮೋಸಹೋಗುವುದೂ ಇದೇ ಕಾರಣಕ್ಕೆ. ನಿಲ್ಲಿಸಿದ ಮೊದಲ ವಾರ ಎರಡು ವಾರ ಏನೂ ಆಗುವುದಿಲ್ಲ. "ನೋಡಿ, ಮಾತ್ರೆ ಇಲ್ಲದೆಯೂ ಚೆನ್ನಾಗಿದ್ದೇನೆ" ಎನ್ನುತ್ತಾರೆ. ಮೈಯಲ್ಲಿದ್ದ ದಾಸ್ತಾನು ಮುಗಿದ ಮೇಲೆ ಆಯಾಸ, ಊತ, ಏರಿದ ಕೊಲೆಸ್ಟರಾಲ್ ಎಲ್ಲವೂ ಒಂದೊಂದಾಗಿ ಮರಳುತ್ತವೆ. ಅಷ್ಟರಲ್ಲಿ ಕಾರಣವೇ ಮರೆತುಹೋಗಿರುತ್ತದೆ. ಟಿ.ಎಸ್.ಎಚ್. ಸರಿಬಂದದ್ದು ಮಾತ್ರೆಯಿಂದ. ಸರಿಬಂತೆಂದು ಮಾತ್ರೆ ಬಿಡುವುದು, ಮಳೆಯಲ್ಲಿ ನೆನೆಯುತ್ತಿಲ್ಲವೆಂದು ಕೊಡೆ ಮಡಚಿದಂತೆ.

ಇದಕ್ಕೆ ವಿರುದ್ಧವಾದ ಅಪಾಯವೂ ಇದೆ. ಬೇಗ ತೂಕ ಇಳಿಯಲೆಂದು ತಾವೇ ಒಂದು ಮಾತ್ರೆ ಹೆಚ್ಚು ನುಂಗುವವರಿದ್ದಾರೆ. ಥೈರಾಯ್ಡ್ ಹಾರ್ಮೋನನ್ನು ತೂಕ ಇಳಿಸುವ ಔಷಧಿಯಾಗಿ ಬಳಸಲೇಬಾರದು. ಹೆಚ್ಚಾದರೆ ಎದೆಬಡಿತ ತಾಳ ತಪ್ಪುತ್ತದೆ, ಕೈ ನಡುಗುತ್ತದೆ, ನಿದ್ದೆ ಕೆಡುತ್ತದೆ, ವರ್ಷಗಳು ಕಳೆದಂತೆ ಮೂಳೆ ಸವೆಯುತ್ತದೆ. ಕರಗುವುದು ಕೊಬ್ಬಷ್ಟೇ ಅಲ್ಲ, ಸ್ನಾಯುವೂ ಕರಗುತ್ತದೆ.

ಮಾತ್ರೆ ತನ್ನ ಕೆಲಸ ಶುರುಮಾಡಿತು ಎಂದಾಯಿತು. ಇನ್ನು ನಮ್ಮ ಪಾಲಿನ ಕೆಲಸ, ಅಂದರೆ ವ್ಯಾಯಾಮ. ವಾರಕ್ಕೆ ಕನಿಷ್ಠ 150 ನಿಮಿಷದ ಮಧ್ಯಮ ವೇಗದ ಚಟುವಟಿಕೆ, ಜೊತೆಗೆ ವಾರದಲ್ಲಿ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 150 ನಿಮಿಷ ಅಂದರೆ ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ. ಮಧ್ಯಮ ವೇಗ ಎಂದರೇನು? ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ನಮ್ಮಂಥ ಮಾತಿನ ಮಲ್ಲರಿಗೆ ಇದಕ್ಕಿಂತ ಸುಲಭದ ಅಳತೆ ಬೇಡ.

ಆದರೆ ಮೊದಲ ದಿನವೇ ಅರ್ಧ ಗಂಟೆ ಬೇಡ. ಮಾತ್ರೆ ಶುರುವಾದ ಮೊದಲ ವಾರಗಳಲ್ಲಿ ಸ್ನಾಯುಗಳು ಇನ್ನೂ ನೋಯುತ್ತಿರುತ್ತವೆ. ಮೊದಲ ವಾರ ದಿನಕ್ಕೆ ಹತ್ತು ನಿಮಿಷ ಸಾಕು. ಪ್ರತಿ ವಾರ ಐದು ನಿಮಿಷ ಸೇರಿಸಿದರೆ ಐದನೆಯ ವಾರಕ್ಕೆ ಅರ್ಧ ಗಂಟೆ ತಾನಾಗಿ ಬರುತ್ತದೆ. ಹೃದಯದ ತೊಂದರೆ ಇರುವವರು, ವಯಸ್ಸಾದವರು ವೈದ್ಯರನ್ನು ಕೇಳಿಯೇ ಶುರುಮಾಡಿ. ನಡೆಯುವಾಗ ಎದೆನೋವೋ ತಲೆಸುತ್ತೋ ಬಂದರೆ ಅಲ್ಲೇ ನಿಲ್ಲಿಸಿ, ವೈದ್ಯರನ್ನು ಕಾಣಿ. ಮಾಟುಂಗಾದವರಿಗೆ ಫೈವ್ ಗಾರ್ಡನ್ಸ್ ಇದೆ, ದಾದರಿನವರಿಗೆ ಶಿವಾಜಿ ಪಾರ್ಕ್, ಠಾಣೆಯವರಿಗೆ ತಲಾವ್ ಪಾಳಿ. ಬೇರೆ ಊರುಗಳಲ್ಲಿ ಈ ಪತ್ರಿಕೆ ಓದುತ್ತಿರುವವರಿಗೆ ಚೆನ್ನೈಯ ಮರೀನಾ, ದೆಹಲಿಯ ಲೋಧಿ ಗಾರ್ಡನ್ ಇವೆ. ಇವೆಲ್ಲ ದೂರವೆಂದರೆ ನಿಮ್ಮ ಸೊಸೈಟಿಯ ಅಂಗಳವೇ ಸಾಕು. ಮಳೆಗಾಲದಲ್ಲಿ ಕಟ್ಟಡದ ಮೊಗಸಾಲೆಯಲ್ಲಿ, ಪಾರ್ಕಿಂಗಿನಲ್ಲಿ ನಡೆಯಿರಿ. ಆಫೀಸಿಗೆ ಹೋಗುವವರು ಸ್ಟೇಷನ್ನಿಗೆ ಶೇರ್ ರಿಕ್ಷಾ ಬಿಟ್ಟು ನಡೆದರೆ ಬೆಳಿಗ್ಗೆ ಹದಿನೈದು, ಸಂಜೆ ಹದಿನೈದು, ಅರ್ಧ ಗಂಟೆ ಅಲ್ಲೇ ಆಯಿತು. ಸ್ಟೇಷನ್ ಸೇತುವೆಯ ಮೆಟ್ಟಿಲುಗಳೂ ಲೆಕ್ಕಕ್ಕೆ ಬರುತ್ತವೆ.

"ಮನೆಗೆಲಸವೇ ವ್ಯಾಯಾಮವಲ್ಲವೇ?" ಎಂದು ಕೇಳುವ ಗೃಹಿಣಿಯರಿಗೆ ನನ್ನ ಉತ್ತರ: ಅದು ಶ್ರಮ ನಿಜ, ಆದರೆ ನಿಂತು ನಿಂತು ಮಾಡುವ ಕೆಲಸದಲ್ಲಿ ಉಸಿರು ಏರುವುದು ಕಡಿಮೆ. ಆ ಅರ್ಧ ಗಂಟೆ ನಿಮ್ಮದೇ ಆಗಿರಲಿ.

ಸ್ನಾಯು ಬಲಪಡಿಸುವ ವ್ಯಾಯಾಮವನ್ನು ನಮ್ಮ ಹೆಂಗಸರು ಮರೆತೇಬಿಡುತ್ತಾರೆ. ಇದಕ್ಕೆ ಜಿಮ್ಮೇ ಬೇಕೆಂದಿಲ್ಲ. ಗಟ್ಟಿಯಾದ ಕುರ್ಚಿಯ ಮೇಲೆ ಕುಳಿತು, ಕೈಯೂರದೆ ಹತ್ತು ಸಲ ಎದ್ದು ಕುಳಿತುಕೊಳ್ಳಿ. ಗೋಡೆಗೆ ಅಂಗೈ ಒತ್ತಿ ನಿಂತು, ಮೊಣಕೈ ಮಡಚಿ ಎದೆಯನ್ನು ಗೋಡೆಯ ಹತ್ತಿರ ತಂದು ಮತ್ತೆ ಹಿಂದೆ ತಳ್ಳಿ, ಹತ್ತು ಸಲ. ಒಂದೊಂದು ಲೀಟರಿನ ನೀರಿನ ಬಾಟಲಿ ಎರಡೂ ಕೈಯಲ್ಲಿ ಹಿಡಿದು ಮೇಲೆತ್ತಿ ಇಳಿಸಿ, ಹತ್ತು ಸಲ. ಸ್ವಲ್ಪ ಸುಧಾರಿಸಿಕೊಂಡು ಇನ್ನೊಂದು ಸುತ್ತು. ಕಾಲು ಗಂಟೆಯ ಕೆಲಸ. ಸೂರ್ಯನಮಸ್ಕಾರ ಅಭ್ಯಾಸವಿದ್ದವರು ಅದನ್ನೇ ಮುಂದುವರಿಸಿ. ಯೋಗದಿಂದ ಮೈ ಹಗುರಾಗುತ್ತದೆ, ಮನಸ್ಸು ತಿಳಿಯಾಗುತ್ತದೆ. ಆದರೆ ಸೊರಗಿದ ಗ್ರಂಥಿಯ ಬದಲಿಗೆ ಸರ್ವಾಂಗಾಸನ ಹಾರ್ಮೋನು ತಯಾರಿಸಿಕೊಡುತ್ತದೆಂದು ಮಾತ್ರೆ ಬಿಡಬೇಡಿ.

ಇನ್ನು ಊಟದ ವಿಷಯ. "ಥೈರಾಯ್ಡ್ ಡಯಟ್" ಎಂಬ ಪ್ರತ್ಯೇಕ ಪಥ್ಯವೇನೂ ಇಲ್ಲ. ಎಲೆಕೋಸು, ಹೂಕೋಸು, ಮೂಲಂಗಿ, ನವಿಲುಕೋಸು ಮುಟ್ಟಲೇಬಾರದು ಎಂದು ಹೇಳುತ್ತಾರಲ್ಲ, ಬೇಯಿಸಿ ಮಿತವಾಗಿ ತಿಂದರೆ ಏನೂ ತೊಂದರೆಯಿಲ್ಲ. ದಿನವೂ ಲೋಟಗಟ್ಟಲೆ ಹಸಿ ಎಲೆಕೋಸಿನ ರಸ ಕುಡಿಯುವ ಹುಚ್ಚು ಸಾಹಸ ಬೇಡ ಅಷ್ಟೆ. ಸಜ್ಜೆಯಲ್ಲೂ ಥೈರಾಯ್ಡಿಗೆ ಅಡ್ಡಿಯಾಗುವ ಅಂಶವಿದೆ. ಅದೊಂದನ್ನೇ ಮೂರು ಹೊತ್ತು ತಿನ್ನುವ ಬದಲು ಜೋಳ, ರಾಗಿ, ಗೋಧಿ, ಅಕ್ಕಿ ಬದಲಿಸಿ ಬದಲಿಸಿ ತಿನ್ನಿ. ಉಪ್ಪು ಅಯೋಡಿನ್ ಇರುವುದೇ ಇರಲಿ. ಸೈಂಧವ ಲವಣವೇ ಶ್ರೇಷ್ಠವೆಂದು ಪೂರ್ತಿ ಅದಕ್ಕೇ ಬದಲಾದರೆ, ಅಯೋಡಿನ್ ಸೇರಿಸದ ಪಕ್ಷದಲ್ಲಿ, ಮನೆಯ ಮಕ್ಕಳಿಗೂ ಕೊರತೆಯಾಗಬಹುದು. ಹಾಗೆಂದು ಉಪ್ಪು ಹೆಚ್ಚು ತಿನ್ನುವುದಾಗಲಿ, ಕಡಲಪಾಚಿಯ ಅಯೋಡಿನ್ ಮಾತ್ರೆ ತರಿಸುವುದಾಗಲಿ ಬೇಡ. ಅಯೋಡಿನ್ ಅತಿಯಾದರೂ ಥೈರಾಯ್ಡ್ ಕೆಡುತ್ತದೆ.

ತೂಕ ಇಳಿಸುವ ಲೆಕ್ಕ ಎಲ್ಲರಿಗೂ ಒಂದೇ. ತಿನ್ನುವುದು ಸುಡುವುದಕ್ಕಿಂತ ಸ್ವಲ್ಪ ಕಡಿಮೆ ಇರಬೇಕು. ಚಹಾದ ಉದಾಹರಣೆ ತೆಗೆದುಕೊಳ್ಳಿ. ಒಂದು ಟೀ ಚಮಚ ಸಕ್ಕರೆ ಸುಮಾರು 5 ಗ್ರಾಂ, ಅಂದರೆ 20 ಕ್ಯಾಲೊರಿ. ಕಪ್ಪಿಗೆ ಎರಡು ಚಮಚದಂತೆ ದಿನಕ್ಕೆ ನಾಲ್ಕು ಕಪ್ ಚಹಾ ಕುಡಿದರೆ 160 ಕ್ಯಾಲೊರಿ. ಅರ್ಧ ಗಂಟೆಯ ಬಿರುಸು ನಡಿಗೆಯಲ್ಲಿ ನಾವು ಸುಡುವುದು ಹೆಚ್ಚುಕಡಿಮೆ ಅಷ್ಟೇ! ಅಂದರೆ ಚಹಾದ ಸಕ್ಕರೆಯೊಂದೇ ಇಡೀ ದಿನದ ನಡಿಗೆಯನ್ನು ನುಂಗಿಬಿಡುತ್ತದೆ. ಮೊದಲ ವಾರ ಎರಡು ಚಮಚವನ್ನು ಒಂದೂವರೆ ಮಾಡಿ, ಆಮೇಲೆ ಒಂದು ಮಾಡಿ. ನಾಲಿಗೆ ಒಗ್ಗಿಕೊಳ್ಳುತ್ತದೆ. ಎಣ್ಣೆಯನ್ನು ಬಾಟಲಿಯಿಂದ ನೇರವಾಗಿ ಸುರಿಯದೆ ಚಮಚದಲ್ಲಿ ಅಳೆದು ಹಾಕಿ. ಒಂದು ದೊಡ್ಡ ಚಮಚ ಎಣ್ಣೆ ಅಂದರೆ ಸುಮಾರು 120 ಕ್ಯಾಲೊರಿ.

ನಮ್ಮ ಅಡುಗೆಯಲ್ಲಿ ಒಳ್ಳೆಯದು ಬೇಕಾದಷ್ಟಿದೆ. ಕೋಸಂಬರಿ, ಮೊಳಕೆ ಬರಿಸಿದ ಹೆಸರುಕಾಳಿನ ಉಸಲಿ, ಹುರುಳಿ ಸಾರು, ಸೊಪ್ಪಿನ ಪಲ್ಯ, ಜೋಳದ ರೊಟ್ಟಿ, ಮಜ್ಜಿಗೆ. ಕರಾವಳಿಯವರಿಗೆ ಬಂಗುಡೆ, ಬೂತಾಯಿ ಇದ್ದೇ ಇದೆ, ಹುರಿಯುವ ಬದಲು ಪುಳಿಮುಂಚಿ ಮಾಡಿ. ತಟ್ಟೆಯ ಅರ್ಧ ಭಾಗ ತರಕಾರಿ, ಕಾಲು ಭಾಗ ಬೇಳೆಕಾಳು ಅಥವಾ ಮೀನು ಮೊಟ್ಟೆ, ಉಳಿದ ಕಾಲು ಭಾಗ ಅನ್ನವೋ ರೊಟ್ಟಿಯೋ. ನಾವು ಮಾಡುವುದು ಇದಕ್ಕೆ ಉಲ್ಟಾ, ಅನ್ನದ ಗುಡ್ಡ, ಪಕ್ಕದಲ್ಲಿ ಚಿಟಿಕೆ ಪಲ್ಯ. ಸಂಜೆ ಐದರ ಹಸಿವೇ ದೊಡ್ಡ ಶತ್ರು. ಸ್ಟೇಷನ್ ಹೊರಗೆ ವಡಾಪಾವಿನ ಪರಿಮಳ ಕರೆಯುವ ಹೊತ್ತದು. ಡಬ್ಬಿಯಲ್ಲಿ ಹುರಿಗಡಲೆ, ಒಂದು ಹಣ್ಣು ಇಟ್ಟುಕೊಂಡಿದ್ದರೆ ಕಾಲು ಅತ್ತ ತಿರುಗುವುದು ಕಡಿಮೆಯಾಗುತ್ತದೆ. ಮಲಬದ್ಧತೆ ಇರುವವರಿಗೆ ನಾರಿನಂಶದ ತರಕಾರಿ, ಕಾಳು, ಸಾಕಷ್ಟು ನೀರು ಬೇಕೇ ಬೇಕು.

ಉಪವಾಸ ಮಾಡಿ ಒಮ್ಮೆಲೇ ಇಳಿಸುತ್ತೇನೆ ಎನ್ನುವವರಿಗೆ ಒಂದು ಎಚ್ಚರಿಕೆ. ಊಟ ತೀರಾ ಕಡಿಮೆಯಾದರೆ ದೇಹ ಬರಗಾಲವೆಂದು ತಿಳಿದು ಥೈರಾಯ್ಡ್ ಹಾರ್ಮೋನಿನ ಚುರುಕು ರೂಪವಾದ ಟಿ-3 ಅನ್ನು ತಾನೇ ಕಡಿಮೆ ಮಾಡಿಕೊಳ್ಳುತ್ತದೆ. ಮೊದಲೇ ಸಣ್ಣಗಿದ್ದ ಉರಿ ಇನ್ನೂ ಸಣ್ಣದಾಗುತ್ತದೆ. ವಾರಕ್ಕೆ ಅರ್ಧ ಕಿಲೋ, ಅಷ್ಟೂ ಆಗದಿದ್ದರೆ ಕಾಲು ಕಿಲೋ ಇಳಿದರೂ ಒಳ್ಳೆಯ ವೇಗವೇ.

ತೂಕವನ್ನು ದಿನವೂ ನೋಡಬೇಡಿ. ವಾರಕ್ಕೊಮ್ಮೆ, ಬೆಳಿಗ್ಗೆ, ಅದೇ ತಕ್ಕಡಿಯಲ್ಲಿ ನೋಡಿ ಕ್ಯಾಲೆಂಡರಿನಲ್ಲಿ ಬರೆದಿಡಿ. ತಿಂಗಳಿಗೊಮ್ಮೆ ಟೇಪಿನಿಂದ ಸೊಂಟದ ಸುತ್ತಳತೆ ನೋಡಿ. ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ಸೆಂಟಿಮೀಟರ್ ದಾಟಬಾರದು ಎಂಬ ಮಾನದಂಡವಿದೆ. ಮೊದಲ ಗುರಿ ಸಣ್ಣದಿರಲಿ. 68 ಕಿಲೋ ಇರುವವರು ಐದು ಶೇಕಡಾ, ಅಂದರೆ ಸುಮಾರು ಮೂರೂವರೆ ಕಿಲೋ ಇಳಿಸಿದರೂ ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮೇಲೆ ಒಳ್ಳೆಯ ಪರಿಣಾಮ ಕಾಣುತ್ತದೆ. ಮೆಟ್ಟಿಲು ಹತ್ತುವಾಗ ಏದುಸಿರು ಕಡಿಮೆಯಾದರೆ, ಬಿಗಿಯಾಗಿದ್ದ ರವಿಕೆ ಸಡಿಲವಾದರೆ ಅದೂ ಗೆಲುವೇ.

ಟಿ.ಎಸ್.ಎಚ್. ಹದದಲ್ಲಿದೆ, ಮೂರು ನಾಲ್ಕು ತಿಂಗಳು ನಡಿಗೆಯೂ ಊಟವೂ ಕ್ರಮವಾಗಿದೆ, ಆದರೂ ತೂಕ ಕದಲುವುದಿಲ್ಲ ಎಂದಾದರೆ? ಆಗ ಥೈರಾಯ್ಡನ್ನೇ ದೂರುತ್ತಾ ಕೂರದೆ ವೈದ್ಯರ ಜೊತೆ ಬೇರೆ ಕಾರಣಗಳನ್ನು ಹುಡುಕಿ. ಪಿ.ಸಿ.ಓ.ಡಿ., ಮುಟ್ಟು ನಿಲ್ಲುವ ವಯಸ್ಸು, ಸ್ಟೀರಾಯ್ಡ್ ಥರದ ಔಷಧಿಗಳು, ನಿದ್ದೆಗೆಡುವುದು, ಗೊರಕೆಯ ನಡುವೆ ಉಸಿರು ಕಟ್ಟುವುದು, ಮನಸ್ಸಿನ ಖಿನ್ನತೆ, ಇವುಗಳಲ್ಲಿ ಯಾವುದೂ ಇರಬಹುದು. ಪ್ರತಿಯೊಂದಕ್ಕೂ ಬೇರೆ ಬೇರೆ ಚಿಕಿತ್ಸೆ ಇದೆ.

ಮಗುವಿನ ನಿರೀಕ್ಷೆಯಲ್ಲಿರುವ ಸೋದರಿಯರಿಗೆ ವಿಶೇಷವಾಗಿ ಒಂದು ಮಾತು. ಗರ್ಭಿಣಿಯಾದಾಗ ಥೈರಾಯ್ಡ್ ಮಾತ್ರೆ ಹೆಚ್ಚು ಬೇಕಾಗುತ್ತದೆ. ಮೊದಲ ತಿಂಗಳುಗಳಲ್ಲಿ ಮಗುವಿನ ಮೆದುಳಿನ ಬೆಳವಣಿಗೆಗೆ ತಾಯಿಯ ಹಾರ್ಮೋನೇ ಆಧಾರ. ಮುಟ್ಟು ತಪ್ಪಿದ ಕೂಡಲೇ ವೈದ್ಯರನ್ನು ಕಾಣಿ. "ಬಸುರಿಗೆ ಮಾತ್ರೆ ಯಾಕೆ" ಎಂದು ಹಿರಿಯರು ಯಾರಾದರೂ ಹೇಳಿದರೂ ಇದನ್ನು ಬಿಡಬೇಡಿ. ಆ ಹೊತ್ತಿನಲ್ಲಿ ತೂಕ ಇಳಿಸುವ ಯೋಚನೆಯೂ ಬೇಡ.

ಮನೆಯವರಿಗೂ ಒಂದು ವಿನಂತಿ. ಥೈರಾಯ್ಡ್ ಕೊರತೆಯಿರುವವರು ಹೊರನೋಟಕ್ಕೆ ರೋಗಿಯಂತೆ ಕಾಣುವುದಿಲ್ಲ. ಜ್ವರವಿಲ್ಲ, ಪಟ್ಟಿ ಕಟ್ಟಿಲ್ಲ. ಅದಕ್ಕೇ "ಯಾವಾಗಲೂ ಸುಸ್ತು ಅಂತೀಯ", "ತಿನ್ನೋದು ಕಡಿಮೆ ಮಾಡು" ಎಂಬ ಮಾತು ಸುಲಭವಾಗಿ ಬಂದುಬಿಡುತ್ತದೆ. ಆ ಮಾತಿನ ಬದಲು ಬೆಳಗಿನ ಡಬ್ಬಿ ಕಟ್ಟುವ ಕೆಲಸದಲ್ಲಿ ಕೈಜೋಡಿಸಿ, ಅವರಿಗೆ ನಡೆಯಲು ಅರ್ಧ ಗಂಟೆ ಬಿಡುವು ಮಾಡಿಕೊಡಿ. ಸಾಧ್ಯವಾದರೆ ನೀವೂ ಜೊತೆಗೆ ಹೆಜ್ಜೆ ಹಾಕಿ. ನಡಿಗೆಗೆ ಥೈರಾಯ್ಡ್ ಇರಲೇಬೇಕೆಂಬ ನಿಯಮವೇನಿಲ್ಲ!

ಹೊತ್ತು ಮುಗಿಯುತ್ತಾ ಬಂತು, ಚುಟುಕಾಗಿ ಇನ್ನೊಮ್ಮೆ ಹೇಳುತ್ತೇನೆ. ಮಾತ್ರೆ ದಿನವೂ ಬರಿಹೊಟ್ಟೆಯಲ್ಲಿ. ಪ್ರಮಾಣ ಬದಲಾದರೆ ಆರರಿಂದ ಎಂಟು ವಾರಕ್ಕೆ ಪರೀಕ್ಷೆ. ಸರಿಬಂದರೂ ಬಿಡುವಂತಿಲ್ಲ, ತೂಕಕ್ಕಾಗಿ ಹೆಚ್ಚಿಸುವಂತಿಲ್ಲ. ವಾರಕ್ಕೆ ಐದು ದಿನ ನಡಿಗೆ, ಎರಡು ದಿನ ಸ್ನಾಯುವಿನ ವ್ಯಾಯಾಮ. ತಟ್ಟೆಯ ಅರ್ಧ ತರಕಾರಿ, ಚಹಾದಲ್ಲಿ ಸಕ್ಕರೆ ಕಡಿಮೆ. ಮಾತ್ರೆಯಿಂದ ನಡಿಗೆಯ ಫಲ ಕೇಳಬೇಡಿ, ನಡಿಗೆಯಿಂದ ಮಾತ್ರೆಯ ಫಲ ಕೇಳಬೇಡಿ. ಎರಡಕ್ಕೂ ಅವುಗಳ ಕೆಲಸ ಮಾಡಲು ಸಮಯ ಕೊಡಿ.

ನಿಮ್ಮ ಅನುಭವಗಳನ್ನು ನಮಗೆ ಬರೆಯಿರಿ. ಹಾಡಿನ ಕೋರಿಕೆಯನ್ನೂ ಜೊತೆಗೇ ಕಳಿಸಿ, ನಡೆಯುವವರಿಗೆ ಹುರುಪು ಕೊಡುವ ಹಾಡಾದರೆ ಇನ್ನೂ ಸಂತೋಷ. ಆರೋಗ್ಯವಾಗಿರಿ. ನಮಸ್ಕಾರ.